ಏಳು ಅಂದರೆ ಎಂಟು

ಹತ್ತಿರ ಬಂದು ಕೂತ್ಕೊಳ್ಳಿ ಮಾರಾಯ್ರೆ, ಶೀನನ ಕತೆ ಹೇಳ್ತೇನೆ. ನಗು ಬಂದರೆ ಧಾರಾಳ ನಗಿ. ಆದರೆ ಅವನನ್ನು ಕೆಟ್ಟವ ಅಂತ ಮಾತ್ರ ಹೇಳಬೇಡಿ, ನನಗೆ ಸಿಟ್ಟು ಬರ್ತದೆ. ಹೇಳಿದ್ದನ್ನು ಅವನಷ್ಟು ಚಾಚೂ ತಪ್ಪದೆ ಮಾಡುವವ ನಮ್ಮ ಕರಾವಳಿಯಲ್ಲೇ ಇಲ್ಲ. ಎಡವಟ್ಟು ಆಗ್ತಿದ್ದದ್ದೇ ಅದರಿಂದ.

ಕಡಲ ದಂಡೆಯಲ್ಲಿ ಬೆಳ್ಳಕ್ಕನ ಮನೆ. ಒಣಮೀನು ಮಾರಿ ಬದುಕುವ ಹೆಂಗಸು. ಗಂಡ ಇಲ್ಲ, ಇರುವವ ಒಬ್ಬನೇ ಮಗ, ಈ ಶೀನ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ದೋಣಿಯವರು ಒಮ್ಮೆ ಪಾಪ ಅಂತ ಕರಕೊಂಡು ಹೋದರು. ನಡುಕಡಲಲ್ಲಿ "ಶೀನ, ಬಲೆ ಬಿಡು" ಅಂದರು. ಶೀನ ಬಿಟ್ಟ. ಹಗ್ಗ ಸಮೇತ ಬಿಟ್ಟ. ಬಲೆ ಕಡಲಿಗೆ ಹೋಯ್ತು, ಶೀನ ಮನೆಗೆ ಬಂದ. ಆಮೇಲೆ ಯಾವ ದೋಣಿಯವರೂ ಅವನನ್ನು ಹತ್ತಿಸಿಕೊಳ್ಳಲಿಲ್ಲ.

ಬೆಳ್ಳಕ್ಕನಿಗೆ ಅದೇ ಚಿಂತೆ. ದಿನಾ ಬೆಳಿಗ್ಗೆ ಅವಳು "ಏಳು ಮಗಾ, ಬೆಳಗಾಯ್ತು, ಗಂಜಿ ಆರ್ತದೆ" ಅಂತ ಕರೀಬೇಕು. ಆಗ ಅವ ಎದ್ದು, ಚಾಪೆ ಸುತ್ತಿ ಮೂಲೆಯಲ್ಲಿಟ್ಟು, ಮುಖ ತೊಳೀತಾನೆ. ನಾಳೆ ತಾನು ಕಣ್ಣು ಮುಚ್ಚಿದರೆ ಇವನನ್ನು ಕರೆಯುವವರು ಯಾರು? ಊಟ ಆಯ್ತಾ ಅಂತ ಕೇಳುವವರು ಯಾರು?

ಅದೇ ದಂಡೆಯಲ್ಲಿ ವಾರಿಜ ಅಂತ ಒಬ್ಬಳು ಸರ್ಫಿಂಗ್ ಶಾಲೆ ಇಟ್ಟಿದ್ದಳು. ಹಲಗೆ ಮೇಲೆ ನಿಂತು ಅಲೆಯ ಸವಾರಿ ಮಾಡುವುದು, ಅದನ್ನು ಕಲೀಲಿಕ್ಕೆ ಪರವೂರಿನಿಂದ ಜನ ಬರ್ತಿದ್ದರು. ಬೆಳ್ಳಕ್ಕ ನಾಚಿಕೆ ಬಿಟ್ಟು ಹೋಗಿ, ಮಗನಿಗೊಂದು ಕೆಲಸ ಕೊಡು ಅಂದಳು. ಮುಂದಿನ ತಂಡದ ಜನ ಬರುವುದರೊಳಗೆ ಅವ ಹಲಗೆ ಮೇಲೆ ಏಳಲು ಕಲಿತರೆ ಕಾಯಂ ಇಟ್ಟುಕೊಳ್ತೇನೆ, ಕಲಿಯದಿದ್ದರೆ ನೀರಿಗೆ ಇಳಿಸುವುದಿಲ್ಲ, ಜೀವದ ವಿಚಾರ ಅಕ್ಕ ಅಂದಳು ವಾರಿಜ.

ಮೊದಲ ದಿನ ವಾರಿಜ ಹಲಗೆಯ ಹಗ್ಗವನ್ನು ಶೀನನ ಕಾಲಿಗೆ ಕಟ್ಟಿದಳು. ಬಿದ್ದರೂ ಮುಳುಗಿದರೂ ಈ ಹಲಗೆ ನಿನ್ನನ್ನು ತೇಲಿಸ್ತದೆ, ಏನೇ ಆದರೂ ಇದನ್ನು ಬಿಟ್ಟು ಹೋಗಬೇಡ ಅಂದಳು. ಶೀನ ಬಿಡಲಿಲ್ಲ. ಹಲಗೆ ಎಳಕೊಂಡೇ ಮನೆಗೆ ಬಂದ. ಬಾಗಿಲಲ್ಲಿ ಅವ ಹಿಡಿಸಿದ, ಹಲಗೆ ಹಿಡಿಸಲಿಲ್ಲ. ಅವತ್ತು ಅಂಗಳದಲ್ಲೇ ಉಂಡ, ಅಂಗಳದಲ್ಲೇ ಮಲಗಿದ.

"ನೀರಿನಿಂದ ಬಂದ ಕೂಡಲೇ ಕಾಲಿನ ಹಗ್ಗ ಬಿಚ್ಚಬೇಕು ಮಾರಾಯ," ಅಂತ ಬೆಳ್ಳಕ್ಕ ಬೈದಳು.

ಆಯ್ತು ಅಮ್ಮ ಅಂದ. ಮರುದಿನ ನೀರಿನಿಂದ ಬಂದವನೇ ತನ್ನ ಕಾಲಿನ ಹಗ್ಗ ಬಿಚ್ಚಿದ. ದಾರಿಯಲ್ಲಿ ಪಕ್ಕದ ಮನೆಯ ಅಣ್ಣಪ್ಪನ ಹುಂಜ ಕಂಡಿತು. ಅದರ ಕಾಲಲ್ಲೂ ಹಗ್ಗ ಉಂಟಲ್ಲ! ಅದನ್ನೂ ಬಿಚ್ಚಿದ. ಹುಂಜ ನೇರ ಬೆಳ್ಳಕ್ಕನ ಅಂಗಳಕ್ಕೆ ಬಂದು, ಒಣಗಲಿಕ್ಕೆ ಹರಡಿದ ಮೀನಿನ ಮೇಲೆಲ್ಲ ದರ್ಬಾರು ಮಾಡಿತು. ಅಣ್ಣಪ್ಪ ಒಂದು ಕಡೆ ಬೈದ, ಅಮ್ಮ ಇನ್ನೊಂದು ಕಡೆ ಬೈದಳು. ಯಾರ ಕಾಲಿನ ಹಗ್ಗ ಅಂತ ನೀನು ಹೇಳಲೇ ಇಲ್ಲವಲ್ಲ ಅಂತ ಶೀನ ಕಣ್ಣು ಪಿಳಿಪಿಳಿ ಬಿಟ್ಟ. ಕಲಿಸುವವಳ ಮಾತು ಮಾತ್ರ ಕೇಳು ಅಂತ ಬೆಳ್ಳಕ್ಕ ಕೈ ಮುಗಿದಳು.

ಅದರ ಮರುದಿನ ವಾರಿಜ ಹೇಳಿದ ಪಾಠ, ಕಡಲಿಗೆ ಬೆನ್ನು ಹಾಕಬೇಡ, ಹಿಂದಿನಿಂದ ಅಲೆ ಬಂದು ಬೀಳಿಸ್ತದೆ ಅಂತ. ಒಳ್ಳೆಯ ಪಾಠವೇ. ಶೀನ ಕಡಲನ್ನೇ ನೋಡ್ತಾ ಹಿಂದೆ ಹಿಂದೆ ನಡೆದ. ಮರಳು ದಾಟಿದ, ರಸ್ತೆ ದಾಟಿದ, ಅಂಗಳಕ್ಕೂ ಹಿಂದಿನಿಂದಲೇ ಬಂದು ಅಮ್ಮನ ಮೀನಿನ ಬುಟ್ಟಿಯಲ್ಲಿ ಕೂತುಬಿಟ್ಟ. ಬೆಳ್ಳಕ್ಕನಿಗೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಬೆನ್ನಿಗೆ ಅಂಟಿದ ಮೀನು ಬಿಡಿಸುತ್ತಾ, ಮನೆಗೆ ಬರುವಾಗ ಮನೆಯ ಕಡೆ ನೋಡಿಕೊಂಡು ಬಾ ನನ್ನಪ್ಪ ಅಂದಳು.

ಆದರೆ ದೊಡ್ಡ ಫಜೀತಿ ಆದದ್ದು ಹಲಗೆ ಮೇಲೆ ನಿಲ್ಲುವಾಗ. ವಾರಿಜ ಅವನನ್ನು ಸೊಂಟದ ನೀರಿನಲ್ಲಿ ಹಲಗೆ ಮೇಲೆ ಕವುಚಿ ಮಲಗಿಸಿದಳು. ಅಲೆ ಬಂತು. ಅವಳು "ಏಳು!" ಅಂತ ಕೂಗಿದಳು.

"ಎಂಟು!" ಅಂತ ಕೂಗಿದ ಶೀನ.

ಬಾಯಿ ತೆರೆದಿದ್ದಕ್ಕೆ ಬಾಯಿ ತುಂಬ ಉಪ್ಪುನೀರು. ಇನ್ನೊಂದು ಅಲೆ, ಮತ್ತೆ ಏಳು, ಮತ್ತೆ ಎಂಟು. ಈ ಮಾತು ಬೇಡ ಅಂತ ವಾರಿಜ "ನಿಲ್ಲು" ಅಂದು ನೋಡಿದಳು. ಶೀನ ನೀರು ತಳ್ಳಲಿಕ್ಕೆ ಕೈ ಬೀಸುವುದನ್ನೇ ನಿಲ್ಲಿಸಿ ಸುಮ್ಮನೆ ಮಲಗಿದ. ಅಲೆ ಅವನನ್ನು ಮಗುಚಿ ಹಾಕಿ ಹೋಯ್ತು. ಬೀಳುವಾಗ ಎರಡೂ ಕೈಯಿಂದ ತಲೆ ಮುಚ್ಚಿಕೋ ಅಂದದ್ದನ್ನು ಮಾತ್ರ ಪುಣ್ಯಾತ್ಮ ಸರಿಯಾಗಿ ಮಾಡಿದ.

ಜನ ಬರುವ ಹಿಂದಿನ ದಿನ ವಾರಿಜ ಬೆಳ್ಳಕ್ಕನ ಮನೆಗೆ ಬಂದಳು. ಅವಳಿಗೂ ಬೇಜಾರು. ಹುಡುಗ ಚಿನ್ನದಂಥವ ಅಕ್ಕ, ಆದರೆ ಏಳು ಅಂದರೆ ಏಳುವುದಿಲ್ಲ, ನಾನೆಂತ ಮಾಡಲಿ ಅಂದಳು. ಬೆಳ್ಳಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳಿಗೆ ಏನೋ ಹೊಳೆಯಿತು.

"ನಾನು ಕರೆದರೆ ದಿನಾ ಏಳ್ತಾನಲ್ಲ ವಾರಿಜ?"

ಹಾಗೆ ಅಂದವಳೇ ದಂಡೆಗೆ ಹೋದಳು, ಸೀರೆ ಎತ್ತಿ ಕಟ್ಟಿ ಮೊಣಕಾಲ ನೀರಿಗೂ ಇಳಿದಳು. ವಾರಿಜ ಶೀನನನ್ನು ಕರೆದು ಹಲಗೆ ಮೇಲೆ ಮಲಗಿಸಿದಳು. ಹಿಂದಿನಿಂದ ಅಲೆ ಬಂತು. ಬೆಳ್ಳಕ್ಕ ಕೂಗಲಿಲ್ಲ, ದಿನಾ ಕರೆಯುವ ಹಾಗೆಯೇ ಕರೆದಳು.

"ಏಳು ಮಗಾ, ಬೆಳಗಾಯ್ತು, ಗಂಜಿ ಆರ್ತದೆ."

ಶೀನ ಎದ್ದ! ಸಂಜೆ ಹೊತ್ತಿಗೆ ಬೆಳಗಾಯ್ತು ಅಂದರೂ ಅಮ್ಮನ ಮಾತು ಅಂತ ಎದ್ದ. ಮನೆಗೆ ಬರುವಾಗ ಮನೆಯ ಕಡೆ ನೋಡಬೇಕಲ್ಲ, ತೆಂಗಿನ ಮರದ ನಡುವೆ ಕಾಣುವ ತನ್ನ ಮನೆಯ ಹಂಚಿನ ಮಾಡನ್ನೇ ನೋಡ್ತಾ ಅಲೆಯ ಮೇಲೆ ನೆಟ್ಟಗೆ ಬಂದ. ವಾರಿಜ ಚಪ್ಪಾಳೆ ತಟ್ಟಿದಳು. ಬೆಳ್ಳಕ್ಕನಿಗೆ ಕಣ್ಣು ಮಂಜಾಗಿ ಮಗನೇ ಕಾಣಲಿಲ್ಲ. ಎದ್ದ ಮೇಲೆ ಚಾಪೆ ಸುತ್ತಿಡಬೇಕಲ್ಲ? ಶೀನ ಬಗ್ಗಿ, ತಾನು ನಿಂತ ಹಲಗೆಯನ್ನೇ ಸುತ್ತಲಿಕ್ಕೆ ಹೋಗಿ ಗುಳುಂ ಅಂತ ಬಿದ್ದ. ತಲೆ ಮುಚ್ಚಿಕೊಂಡೇ ಬಿದ್ದ. ಇಷ್ಟು ಸಾಕು, ಹುಡುಗ ನನಗಿರಲಿ ಅಂದಳು ವಾರಿಜ.

ಮರುದಿನ ಪರವೂರಿನವರು ಬಂದರು. ಶೀನ ಸೊಂಟದ ನೀರಿನಲ್ಲಿ ನಿಂತು ಹಲಗೆ ಹಿಡೀಬೇಕು, ಅಲೆ ಬಂದಾಗ ಎಬ್ಬಿಸಬೇಕು. ಅವನಿಗೆ ಗೊತ್ತಿದ್ದ ಎಬ್ಬಿಸುವ ಮಾತು ಒಂದೇ. ತಲೆ ನರೆತವರಿಗೂ "ಏಳು ಮಗಾ, ಬೆಳಗಾಯ್ತು, ಗಂಜಿ ಆರ್ತದೆ" ಅಂದ. ಅವರು ನಗ್ತಾ ನಗ್ತಾ ಎದ್ದರು.

ಮಧ್ಯಾಹ್ನ ಬೆಳ್ಳಕ್ಕ ಬಾಗಿಲಿಗೆ ಬಂದು ನೋಡ್ತಾಳೆ, ಅಂಗಳದ ತುಂಬ ಜನ. ಎಲ್ಲರ ಮೈಯಿಂದ ನೀರು ತೊಟ್ಟಿಕ್ತಾ ಉಂಟು, ಎಲ್ಲರ ಕಾಲಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಹಲಗೆ. ಎಂತ ಮಾರಾಯ ಇದು ಅಂದಳು.

"ಗಂಜಿ ಆರ್ತದೆ ಅಂತ ಹೇಳಿ ಎಬ್ಬಿಸಿದ್ದೇನೆ ಅಮ್ಮ. ಸುಳ್ಳಾಗಬಾರದಲ್ಲ."

ಬೆಳ್ಳಕ್ಕ ಬೈದಳು. ಬೈಯ್ತಾ ಬೈಯ್ತಾ ದೊಡ್ಡ ಪಾತ್ರೆ ಒಲೆಗಿಟ್ಟಳು, ಒಣಮೀನು ಸುಟ್ಟಳು. ಬಡಿಸಲಿಕ್ಕೆ ಹೊರಟಾಗ ನರೆಗೂದಲಿನ ಹೆಂಗಸೊಬ್ಬಳು ಶೀನನ ಕಡೆ ತಿರುಗಿ, "ನಿನ್ನ ಊಟ ಆಯ್ತಾ ಮಗಾ?" ಅಂತ ಕೇಳಿದಳು. ಬೆಳ್ಳಕ್ಕನ ಕೈಯ ಸೌಟು ಹಾಗೇ ನಿಂತಿತು. ಅವಳು ಆಚೆ ತಿರುಗಿ ಮೂಗು ಒರೆಸಿಕೊಂಡು, "ಎಲ್ಲರೂ ಕಾಲಿನ ಹಗ್ಗ ಬಿಚ್ಚಿ ಊಟಕ್ಕೆ ಕೂತ್ಕೊಳ್ಳಿ" ಅಂದಳು.

ಶೀನ ಅಂಗಳದಿಂದ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅಣ್ಣಪ್ಪನ ಹುಂಜವೂ ಊಟಕ್ಕೆ ಬಂತು.