ಚಿನ್ನಿ ಕಾಯುವವರು ನಿಲ್ಲುವ ಜಾಗ

"ಗುರುಗಳೇ, ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಅದು ನ್ಯಾಯವೇ ಆಗಿರಬೇಕಲ್ಲವೇ?" ಎಂದು ಶಿಷ್ಯ ಸೋಮಲಿಂಗ ಕೇಳಿದ. ಚರ್ಚೆಯ ಹೊತ್ತಿನಲ್ಲಿ ಪ್ರಶ್ನೆ ಕೇಳುವವರು ಕೊನೆಯ ಕಂಬದ ಆಚೆ ನಿಲ್ಲಬೇಕು ಎಂದು ಮಠದ ಹಿರಿಯ ಶಿಷ್ಯರು ಅಂದು ಬೆಳಿಗ್ಗೆ ಕಟ್ಟಳೆ ಮಾಡಿದ್ದರು. ಹಿರಿಯರಲ್ಲಿ ಯಾರೂ ಪ್ರಶ್ನೆ ಕೇಳುವವರಲ್ಲ. ಕೇಳುತ್ತಿದ್ದವನು ಇವನೊಬ್ಬನೇ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಎರಡು ಕೇರಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಗೋಡುಮಣ್ಣು ಎತ್ತಿ ಹೊಲಕ್ಕೆ ಹಾಕುವುದು ಅಲ್ಲಿಯ ರೂಢಿ. ತೂಬಿನ ಬಳಿಯ ಮಣ್ಣು ಬೆಣ್ಣೆಯಂಥದು, ಕೋಡಿಯ ಕಡೆಯದು ಬರೀ ಮರಳು. ಯಾರ ಗಾಡಿ ಮೊದಲು ತೂಬಿನ ಬಳಿ ಇಳಿಯಬೇಕು ಎಂಬ ಜಗಳ ಬೇಡವೆಂದು ಹಿಂದಿನವರು ಒಂದು ಪದ್ಧತಿ ಮಾಡಿದ್ದರು. ಎರಡೂ ಕೇರಿಯ ಗಂಡಸರು ಕೆರೆಯಂಗಳದಲ್ಲಿ ಚಿನ್ನಿದಾಂಡು ಆಡಬೇಕು, ಗೆದ್ದ ಕೇರಿ ತನಗೆ ಬೇಕಾದಷ್ಟು ಮಣ್ಣು ಎತ್ತಿದ ಮೇಲೆ ಉಳಿದದ್ದು ಸೋತವರಿಗೆ.

ಕೆಳಗಿನ ಕೇರಿಯಲ್ಲಿ ಒಬ್ಬ ರೈತನಿದ್ದ. ಅವನ ಹೊಲ ಚೌಳು. ಒಳ್ಳೆಯ ಗೋಡು ಬೀಳದಿದ್ದರೆ ಅದರಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಹಾಗಾಗಿ ಅವನಿಗೆ ಈ ಆಟ ಆಟವಾಗಿರಲಿಲ್ಲ, ಅನ್ನವಾಗಿತ್ತು. ವರ್ಷ ವರ್ಷವೂ ಗೌಡನ ಮಗ ಚಿನ್ನಿಯನ್ನು ಬೀಸಿ ಹೊಡೆದು ಮೇಲಿನ ಕೇರಿಯನ್ನು ಗೆಲ್ಲಿಸುತ್ತಿದ್ದ. ರೈತ ಅವನ ಕೈಯನ್ನೇ ನೋಡುತ್ತಾ ಬಂದ. ಒಂದು ದಿನ ಅವನಿಗೆ ಹೊಳೆಯಿತು: ಹುಡುಗ ಬಲವಾಗಿ ಹೊಡೆಯುವುದೇನೋ ನಿಜ, ಆದರೆ ಯಾವಾಗಲೂ ಎಡಕ್ಕೇ ಹೊಡೆಯುತ್ತಾನೆ.

ಆ ಬೇಸಿಗೆ ರೈತ ತನ್ನವರನ್ನೆಲ್ಲ ಎಡಕ್ಕೆ ನಿಲ್ಲಿಸಿದ. ಬಲಗಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಹುಡುಗ ಹೊಡೆದ. ಚಿನ್ನಿ ನೆಲ ಮುಟ್ಟುವ ಮೊದಲೇ ಒಬ್ಬನ ಕೈಯಲ್ಲಿತ್ತು. ಅಲ್ಲಿಗೆ ಹುಡುಗನ ಸರದಿ ಮುಗಿಯಬೇಕು.

ಮುಗಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. "ಎಲ್ರೂ ಒಂದೇ ಕಡೆ ನಿಂತ್ರೆ ಅದು ಮೋಸ" ಎಂದು ಹುಡುಗ ದಾಂಡು ಎಸೆದ. ಆಟಕ್ಕೆ ತೀರ್ಪು ಹೇಳುವ ಪಂಚನಾಗಿ ಕೂತಿದ್ದವನು ಅವನಪ್ಪ, ಗೌಡ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ದೂರು ಹೇಳೀತು? ಗೌಡ ಸುಣ್ಣ ತರಿಸಿ ಅಂಗಳದ ನಡುವೆ ಗೆರೆ ಎಳೆಸಿದ. ಕಾಯುವವರಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಹಿಡಿದ ಚಿನ್ನಿ ಲೆಕ್ಕಕ್ಕಿಲ್ಲ.

ರೈತನ ಮೈ ಉರಿದುಹೋಯಿತು. "ಗೌಡ್ರೇ, ನಿಮ್ ಮಗ ಎಲ್ಲಿಗಾದ್ರೂ ಹೊಡೀಬೋದು. ನಾವು ಮಾತ್ರ ನಮಗ್ ಬೇಕಾದಲ್ಲಿ ನಿಲ್ಲಂಗಿಲ್ವಾ?"

"ನಿಯಮ ಎರಡೂ ಕೇರಿಗೂ ಒಂದೇ ಕಣಯ್ಯಾ. ಚಿನ್ನಿ ಹಾರೋದ್ ನೋಡಕ್ಕೆ ಜನ ಬಂದವ್ರೆ. ನೀನು ಹಿಡ್ಕೊಂಡ್ ಕೂತ್ರೆ ನೋಡೋರ್ಗೆ ಏನ್ ಚೆಂದ?"

ನಿಯಮವೇನೋ ಒಂದೇ. ಆದರೆ ಕೆಳಗಿನ ಕೇರಿಯವರು ಎಡಕ್ಕೂ ಹೊಡೆಯುತ್ತಿದ್ದರು, ಬಲಕ್ಕೂ ಹೊಡೆಯುತ್ತಿದ್ದರು. ಗೆರೆಯಿಂದ ಲಾಭವಾದದ್ದು ಒಬ್ಬನಿಗೆ. ಅದು ಅಂಗಳದಲ್ಲಿದ್ದ ಕೂಸಿಗೂ ಗೊತ್ತಿತ್ತು. ಕೆಳಗಿನ ಕೇರಿ ಸೋತಿತು. ರೈತ ಮರಳು ಹೇರಿಕೊಂಡು ಮನೆಗೆ ಹೋದ.

ಮರುವರ್ಷ ಅವನು ಬಲಗಡೆಯವರನ್ನು ಗೆರೆಗೆ ಕಾಲು ತಾಗುವಷ್ಟು ಹತ್ತಿರ ನಿಲ್ಲಿಸಿದ. ಹುಡುಗ ದಾಂಡು ಎತ್ತಿದ, ಚಿನ್ನಿ ಹಾರಿತು, ಅವರು ಎಡಕ್ಕೆ ಓಡಿ ಹಿಡಿದರು. ಗೌಡ ಮತ್ತೆ ಸುಣ್ಣ ತರಿಸಿದ. ಈ ಸಲ ಕಾಯುವ ಒಬ್ಬೊಬ್ಬನಿಗೂ ಒಂದೊಂದು ದುಂಡನೆಯ ಗೆರೆ. ಚಿನ್ನಿ ಬೀಳುವವರೆಗೆ ಅದರಿಂದ ಹೊರಗೆ ಕಾಲಿಡುವಂತಿಲ್ಲ. ದುಂಡುಗಳ ಜಾಗ ಗುರುತಿಸಿದವನು ಹುಡುಗನೇ. ನಾಚಿಕೆ ಎಂಬುದು ಆ ಮನೆಯ ಹೊಸಿಲು ದಾಟಿರಲಿಲ್ಲ.

ರೈತ ಜಗಳವಾಡಲಿಲ್ಲ. ತನ್ನವರನ್ನು ಕರೆದುಕೊಂಡು ಏರಿಯ ಕಡೆ ಹೋದ. ಪ್ರತಿಯೊಬ್ಬನೂ ಒಂದೊಂದು ಕಲ್ಲು ಹೊತ್ತು ತಂದು ತನ್ನ ತನ್ನ ದುಂಡಿನಲ್ಲಿ ನಿಲ್ಲಿಸಿದ. ಆಮೇಲೆ ಎಲ್ಲರೂ ಗುದ್ದಲಿ ತೆಗೆದುಕೊಂಡು ತೂಬಿನ ಬಳಿ ಇಳಿದರು.

"ಏಯ್, ಆಟ ಬಿಟ್ಟು ಎಲ್ಲಿಗ್ ಹೊಂಟ್ರಿ?" ಎಂದು ಗೌಡ ಕೂಗಿದ.

"ಎಲ್ಲಿ ಬಿಟ್ಟಿದೀವಿ ಗೌಡ್ರೇ? ನೀವ್ ಹೇಳಿದ್ ಜಾಗದಾಗೆ, ಹೇಳ್ದಂಗೆ ನಿಲ್ಸಿದೀವಿ. ಒಂದಾದ್ರೂ ಅಲುಗಾಡಿದ್ರೆ ಕರೀರಿ, ಬತ್ತೀವಿ" ಎಂದ ರೈತ.

ಅವರು ತೂಬಿನ ಬಳಿಯ ಮಣ್ಣನ್ನು ಸರಿಯಾಗಿ ಅರ್ಧ ಮಾಡಿ ತಮ್ಮ ಅರ್ಧವನ್ನು ಮಾತ್ರ ಅಗೆದರು. ಮೇಲಿನ ಕೇರಿಯವರು ಸ್ವಲ್ಪ ಹೊತ್ತು ಗೌಡನ ಮುಖ ನೋಡಿದರು. ಆಮೇಲೆ ಅವರೂ ಗಾಡಿ ಹೂಡಿಕೊಂಡು ತಮ್ಮ ಅರ್ಧಕ್ಕೆ ಇಳಿದರು. ಗೌಡನ ಮಗ ಒಬ್ಬನೇ ಅಂಗಳದಲ್ಲಿ ಉಳಿದು ಚಿನ್ನಿಯನ್ನು ಎಡಕ್ಕೆ ಹೊಡೆದ. ಅದು ಬಲು ದೂರ ಹೋಗಿ ಬಿತ್ತು. ಅವನೇ ಹೋಗಿ ಹೆಕ್ಕಿಕೊಂಡು ಬಂದ. ಆ ವರ್ಷ ರೈತನ ಚೌಳು ಹೊಲದಲ್ಲಿ ರಾಗಿ ಮೊಳಕೆಯೊಡೆಯಿತು.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗನಿಗೆ ಸಮಾಧಾನವಾಗಲಿಲ್ಲ. "ಮಣ್ಣು ಇಬ್ಬರಿಗೂ ಸಿಕ್ಕಿತು, ಸರಿ. ಗೌಡನ ಮಗ ಆಟ ಗೆದ್ದೆನೆಂದೇ ಹೇಳಿಕೊಂಡಿರುತ್ತಾನೆ. ಹಾಗಾದರೆ ಸೋತವರು ಯಾರು, ಗುರುಗಳೇ?" ಎಂದು ಕೇಳಿದ.

"ಕಲ್ಲುಗಳು ಸೋತವು, ಅವು ಒಂದು ನಿಯಮವನ್ನೂ ಮುರಿದಿರಲಿಲ್ಲ."