ಹೈದರಾಬಾದಿಗೆ ಹೊರಟ ನಳದ ಚಾವಿ

ಬರ್ರಿ, ಗೋಡೆಗೆ ಬೆನ್ನು ಹಚ್ಚಿ ಕೂಡ್ರಿ, ಹಂಪಣ್ಣನ ಕಥೆ ಹೇಳತೀನಿ.

ನಿಜಾಮರ ಕಾಲದಿಂದ ಹಂಪಣ್ಣ ನಮ್ಮೂರಿಗೆ ನಳದ ನೀರು ಬಿಡುತ್ತಿದ್ದ. ನಡುವೆ ರಾಜ್ಯ ಬದಲಾಗಿ ಊರು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ವಯಸ್ಸಾಗಿ ಕೆಲಸ ಬಿಟ್ಟ ದಿನ ನೀರಿನ ಟಾಕಿಗೆ ಬೀಗ ಹಾಕಿ, ಚಾವಿ ಒಪ್ಪಿಸಿ ಪಿಂಚಣಿ ಕೇಳಲು ಕಚೇರಿಗೆ ಹೋದ.

ಅಲ್ಲಿನ ಅಧಿಕಾರಿ ಶೇಷಗಿರಿ ಸಾಹೇಬರು ಅವನ ಅರ್ಜಿಯ ಕಾಗದ ಸರಿಸಿಬಿಟ್ಟರು. "ನೀನು ಹೆಚ್ಚು ದುಡಿದದ್ದು ಹಳೇ ಸರ್ಕಾರಕ್ಕೆ. ಪಿಂಚಣಿ ಹೈದರಾಬಾದಿನಲ್ಲಿ ಕೇಳು."

ಹಂಪಣ್ಣನಿಗೆ ಹೊಲ ಇಲ್ಲ, ಮಕ್ಕಳಿಲ್ಲ, ಇದ್ದದ್ದು ಅದೊಂದೇ ಆಸರೆ. ಅವನು ಚಾವಿಯನ್ನು ಮತ್ತೆ ಸೊಂಟಕ್ಕೆ ಸಿಗಿಸಿಕೊಂಡ.

"ಹಂಗಾದ್ರ ಚಾವೀನೂ ಅಲ್ಲೇ ಕೊಡಬೇಕಲ್ರಿ. ಕೊಟ್ಟವರು ಅವರೇ," ಎಂದವನೇ ಬಸ್ ಸ್ಟ್ಯಾಂಡಿಗೆ ನಡೆದ.

ಸಾಹೇಬರು ನಕ್ಕರು. ಸಂಜೆ ನೀರು ಬರಲಿಲ್ಲ ನೋಡ್ರಿ, ಊರ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಕಚೇರಿ ಅಂಗಳ ತುಂಬಿದರು. ಎಲ್ಲರಿಗಿಂತ ಮುಂದೆ ಸಾಹೇಬರ ಹೆಂಡತಿ. ಸಾಹೇಬರು ಬರಿಗಾಲಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದರು. ಹಂಪಣ್ಣ ಆಗಷ್ಟೇ ಬಂದ ಹೈದರಾಬಾದ್ ಬಸ್ಸು ಹತ್ತುತ್ತಿದ್ದ.

"ಇಳಿಯಪ್ಪಾ, ಆ ಚಾವಿ ನಮ್ಮ ಸರ್ಕಾರದ್ದು. ಟಾಕಿ, ನಳ, ಎಲ್ಲಾ ನಮಗೇ ಬಂದಿದೆ."

"ಎಲ್ಲಾ ಬಂತು, ಚಾವಿ ತಿರುವಿದ ಕೈ ಒಂದು ಅಲ್ಲೇ ಉಳೀತೇನ್ರಿ?"

ಸಾಹೇಬರು ಬಸ್ಸಿನ ಮೆಟ್ಟಿಲ ಮೇಲೆ ಕಾಗದ ಇಟ್ಟು, ಇವನ ಹಳೇ ಸರ್ವೀಸೂ ನಮ್ಮದೇ ಎಂದು ಬರೆದು ಸಹಿ ಹಾಕಿದರು. ಹಂಪಣ್ಣ ಇಳಿದು ಚಾವಿ ಅವರ ಕೈಗಿಟ್ಟ.

ಹಂಪಣ್ಣ ಸಾಯುವತನಕ ಪಿಂಚಣಿ ಉಂಡ. ಅವನ ನಂತರ ಹೆಂಡತಿ ಗೌರಕ್ಕ ಉಂಡಳು. ಸಾಹೇಬರು ಬೇರೆ ಊರಿಗೆ ವರ್ಗವಾದರು. ಅಲ್ಲಿ ಇಳಿದ ಕೂಡಲೇ, ಇಲ್ಲಿ ನೀರು ಬಿಡುವವರು ಯಾರು ಅಂತ ಕೇಳಿ, ಹೋಗಿ ಕೈ ಮುಗಿದು ಬಂದರಂತೆ.