ಗೋಡೆಗೆ ಒರಗಿಸಿದ ಜಲ್ಲೆ

"ಬುದ್ಧೀ, ಎಷ್ಟಿದ್ದರೆ ಸಾಕು ಎಂದು ಮೊದಲೇ ತಿಳಿಯುವುದು ಹೇಗೆ?"

ಕೇಳಿದವಳು ಮಂದಾಕಿನಿ. ಮಠದ ಶಾಲೆಯಲ್ಲಿ ಓದಿದವಳು. ಈಗ ಊರೂರಿನ ಆಸ್ಪತ್ರೆಗಳಿಗೆ ಔಷಧಿ ಕಳಿಸುವ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಲೆಕ್ಕಾಚಾರದ ವಿಭಾಗ ನೋಡಿಕೊಳ್ಳುತ್ತಿದ್ದಳು. ಮನಸ್ಸಿನಲ್ಲಿ ಗಂಟು ಬಿದ್ದಾಗಲೆಲ್ಲ ಗುರುಗಳ ಬಳಿ ಬರುವುದು ಅವಳ ಹಳೆಯ ಅಭ್ಯಾಸ.

ಬಂದವರಿಗೆಲ್ಲ ಕೊಡುವಂತೆ ಗುರುಗಳು ಅವಳಿಗೂ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಟ್ಟರು. "ಏನು ಎಷ್ಟಿದ್ದರೆ? ಅನ್ನವೋ, ಆಯಸ್ಸೋ?" ಎಂದರು.

"ಕಂಪ್ಯೂಟರಿನ ಶಕ್ತಿ, ಬುದ್ಧೀ. ನಮ್ಮ ಲೆಕ್ಕವೆಲ್ಲ ಈಗ ಕ್ಲೌಡ್‌ನಲ್ಲಿ ನಡೆಯುತ್ತದೆ. ಯಂತ್ರ ನಮ್ಮದಲ್ಲ. ಎಲ್ಲೋ ಇರುವ ದೊಡ್ಡ ಯಂತ್ರಗಳಲ್ಲಿ ನಮಗೆ ಬೇಕಾದಷ್ಟನ್ನು ಬಾಡಿಗೆಗೆ ಪಡೆಯುತ್ತೇವೆ. ಯಾವ ಊರಿನಲ್ಲಿ ಯಾವ ಔಷಧಿ ಮುಗಿಯುತ್ತ ಬಂದಿದೆ, ಯಾವ ಲಾರಿ ಎಲ್ಲಿಗೆ ಹೋಗಬೇಕು, ಎಲ್ಲವನ್ನೂ ಅದೇ ಹೇಳಬೇಕು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಗೋದಾಮುಗಳವರೂ ಒಟ್ಟಿಗೆ ರಿಪೋರ್ಟ್ ಕೇಳುತ್ತಾರೆ. ಆಗ ಅದು ಏದುಸಿರು ಬಿಡುತ್ತದೆ. ಮಧ್ಯಾಹ್ನದ ಮೇಲೆ ನೊಣ ಹೊಡೆಯುತ್ತ ಕೂತಿರುತ್ತದೆ. ಹೋದ ತಿಂಗಳು ಉತ್ತರ ಬರುವುದು ತಡವಾಗಿ, ಒಂದು ಆಸ್ಪತ್ರೆಗೆ ಹೋಗಬೇಕಾಗಿದ್ದ ಇನ್ಸುಲಿನ್ ಗೋದಾಮಿನಲ್ಲೇ ಉಳಿಯಿತು."

ಅವಳು ನೀರು ಕುಡಿದು ಮುಂದುವರಿಸಿದಳು. "ಮುಂದಿನ ವರ್ಷಕ್ಕೆ ಎಷ್ಟು ಬೇಕೆಂದು ನಾಳೆ ನಾನು ಹೇಳಬೇಕು. ಕಡಿಮೆ ಹೇಳಿದರೆ ಔಷಧಿ ನಿಲ್ಲುತ್ತದೆ. ಹೆಚ್ಚು ಹೇಳಿದರೆ ಆ ಖರ್ಚು ಸರಿದೂಗಿಸಲು ನನ್ನ ಜೊತೆಯವರನ್ನೇ ಕೆಲಸದಿಂದ ತೆಗೆಯುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಆದರೆ ಈ ಹಾಸಿಗೆ ನಾವು ಕೇಳಿದಷ್ಟು ಉದ್ದವಾಗುತ್ತದೆ. ಎಷ್ಟು ಕೇಳಬೇಕು ಎಂಬುದೇ ತಿಳಿಯದು."

"ಬೆಳೆಯುವ ಹಾಸಿಗೆ! ನಮ್ಮ ಕಾಲದಲ್ಲಿ ಇದ್ದಿದ್ದರೆ ಶಾಲೆಯ ಮಕ್ಕಳು ಕಂಬಳಿಗೆ ಜಗಳವಾಡುತ್ತಿರಲಿಲ್ಲ," ಎಂದು ಗುರುಗಳು ನಕ್ಕರು. ಅವಳ ಕೈಯಲ್ಲಿದ್ದ ಬೆಲ್ಲವನ್ನು ನೋಡಿದರು. "ಅದನ್ನು ಬಾಯಿಗೆ ಹಾಕಿಕೋ. ಒಂದು ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯವರು ತಲೆಮಾರುಗಳಿಂದ ಆಲೆಮನೆ ನಡೆಸಿಕೊಂಡು ಬಂದವರು. ಸುತ್ತಿನವರ ಕಬ್ಬೆಲ್ಲ ಬೆಲ್ಲವಾಗುವುದು ಅಲ್ಲೇ. ಕಬ್ಬು ಅರೆಯಲು ಒಂದು ಎತ್ತಿನ ಗಾಣ, ಕಬ್ಬಿನ ಹಾಲು ಕಾಯಿಸಲು ಒಂದು ಒಲೆ, ಒಂದು ಕೊಪ್ಪರಿಗೆ. ಅಷ್ಟೇ.

ರೈತನ ಅಪ್ಪನ ಕಾಲದಲ್ಲಿ ಅಲ್ಲಿ ಒಂದು ವಾಡಿಕೆ ಇತ್ತು. ಕಬ್ಬು ಕಡಿಯುವ ಮೊದಲು ಪ್ರತಿ ಮನೆಯವರೂ ತಮ್ಮ ಗದ್ದೆಯಿಂದ ಒಂದೇ ಒಂದು ಕಬ್ಬಿನ ಜಲ್ಲೆ ತಂದು ಆಲೆಮನೆಯ ಗೋಡೆಗೆ ಒರಗಿಸಬೇಕು. ಅಪ್ಪ ಅದರಿಂದ ಒಂದು ತುಂಡು ಮುರಿದು ಅಗಿದು ನೋಡುತ್ತಿದ್ದ. ಇದು ಮಾಗಿದೆ, ಇನ್ನು ತಡೆಯದು, ಅದು ಇನ್ನೂ ಕೆಲವು ದಿನ ನಿಲ್ಲುತ್ತದೆ ಎಂದು ನಾಲಿಗೆಯೇ ಹೇಳುತ್ತಿತ್ತು. ಆಮೇಲೆ ತಂದವರನ್ನು ಕೂರಿಸಿ ಮಾತಾಡಿಸುತ್ತಿದ್ದ. ಒಬ್ಬನ ಮನೆಯಲ್ಲಿ ಮದುವೆ, ಅವನಿಗೆ ಬೆಲ್ಲ ಬೇಗ ಬೇಕು. ಇನ್ನೊಬ್ಬನ ಎತ್ತಿಗೆ ಕಾಲುಬೇನೆ, ಅವನು ತಡವಾಗಿ ಬಂದರೂ ನಡೆಯುತ್ತದೆ. ಎಲ್ಲ ಕೇಳಿ ಸರದಿ ಗೊತ್ತುಮಾಡುತ್ತಿದ್ದ. ಸರದಿ ಬಂದವನು ಕಡಿಯುತ್ತಿದ್ದ, ಉಳಿದವರ ಕಬ್ಬು ಗದ್ದೆಯಲ್ಲೇ ನಿಂತಿರುತ್ತಿತ್ತು. ನಿಂತ ಕಬ್ಬಿಗೆ ಆತುರವಿಲ್ಲ, ಕಡಿದ ಕಬ್ಬಿಗೆ ತಾಳ್ಮೆಯಿಲ್ಲ ಎಂಬುದು ಅಪ್ಪನ ಮಾತು.

ಆ ಆಲೆಮನೆಯನ್ನು ನಾನು ನೋಡಿದ್ದೇನೆ, ತಾಯಿ. ಜಲ್ಲೆ ಇಡಲು ಬಂದವರು ಬೇಗ ಎದ್ದು ಹೋಗುತ್ತಿರಲಿಲ್ಲ. ಕಬ್ಬಿನ ಹಾಲು ಕುಡಿದು, ಬಿಸಿ ಪಾಕವನ್ನು ಎಲೆಯ ಮೇಲೆ ಹಾಕಿಸಿಕೊಂಡು ನೆಕ್ಕುತ್ತ, ಊರಿನ ಕತೆಯನ್ನೆಲ್ಲ ಆಡಿ ಹೋಗುತ್ತಿದ್ದರು. ವರ್ಷವರ್ಷವೂ ಜಲ್ಲೆ ಒರಗಿ ಒರಗಿ ಗೋಡೆಯ ಸುಣ್ಣ ಒಂದೇ ಎತ್ತರದಲ್ಲಿ ಸವೆದಿತ್ತು. ಆ ಪಾಕದ ವಾಸನೆ ನೆನೆದರೆ ಈಗಲೂ ಮನಸ್ಸು ಅಲ್ಲಿಗೇ ಓಡುತ್ತದೆ. ಸನ್ಯಾಸಿ ಹೀಗನ್ನಬಾರದು. ಆದರೂ ಓಡುತ್ತದೆ.

ಅಪ್ಪನಿಗೆ ವಯಸ್ಸಾಯಿತು. ಮಗ ಯಜಮಾನನಾದ. ಅವನು ಕೆಟ್ಟವನಲ್ಲ. ಜನ ಸರದಿಗಾಗಿ ಕಾಯುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೆ. ಎತ್ತಿನ ಗಾಣ ತೆಗೆದು ಇಂಜಿನ್ ಗಾಣ ಹಾಕಿಸಿದ. ಹಳೆಯ ಕೊಪ್ಪರಿಗೆಯನ್ನು ಅಟ್ಟಕ್ಕೆ ಏರಿಸಿ, ಊರೇ ನೋಡಲು ಬರುವಂಥ ದೊಡ್ಡ ಕೊಪ್ಪರಿಗೆ ತಂದ. ಅದಕ್ಕೆ ತಕ್ಕ ದೊಡ್ಡ ಒಲೆ ಕಟ್ಟಿಸಿದ. ಇನ್ನು ಮೇಲೆ ಯಾರೂ ಜಲ್ಲೆ ತರುವುದು ಬೇಡ, ಬೇಕಾದಾಗ ಕಡಿಯಿರಿ, ಬೇಕಾದಾಗ ತನ್ನಿ ಎಂದು ಸಾರಿದ. ಎಲ್ಲರೂ ಅವನನ್ನು ಹೊಗಳಿದರು.

ಕಾಯುವುದು ಬೇಡ ಎಂದ ಮೇಲೆ ಮುಂಚೆ ಕಾಯುತ್ತಿದ್ದವರೂ ಕಾಯಲಿಲ್ಲ. ಸಂಕ್ರಾಂತಿಗೆ ಹೊಸ ಬೆಲ್ಲ ಯಾರಿಗೆ ಬೇಡ? ಹಬ್ಬದ ಹಿಂದಿನ ವಾರ ಎಲ್ಲರೂ ಒಟ್ಟಿಗೆ ಕಡಿದರು. ಗಾಡಿಗಳ ಸಾಲು ಕಾಲುವೆಯ ಏರಿಯವರೆಗೆ ನಿಂತಿತು. ದೊಡ್ಡ ಕೊಪ್ಪರಿಗೆಯನ್ನೂ ಅದು ಮೀರಿತು. ಕಡಿದ ಕಬ್ಬು ಗಾಡಿಯಲ್ಲೇ ಒಣಗಿತು, ಅರೆದ ಹಾಲು ಪೀಪಾಯಿಯಲ್ಲೇ ಹುಳಿಯಾಯಿತು. ರೈತ ಪಕ್ಕದ ಊರಿಗೆ ಓಡಿ ಬಾಡಿಗೆಗೆ ಇನ್ನೆರಡು ಕೊಪ್ಪರಿಗೆ ತಂದ. ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು. ಕೊಪ್ಪರಿಗೆ ಬಂದರೆ ಸಾಕೇ? ಒಲೆ ಕಟ್ಟಬೇಕು, ಒಲೆಯ ಮಣ್ಣು ಒಣಗಬೇಕು. ಅದು ಒಣಗುವಷ್ಟರಲ್ಲಿ ಸಂಕ್ರಾಂತಿ ಕಳೆದುಹೋಯಿತು.

ಹಬ್ಬ ಕಳೆದ ಮೇಲೆ ಆಲೆಮನೆಗೆ ಬರುವವರೇ ಇಲ್ಲ. ಒಂದು ದಿನ ಒಬ್ಬ ಮುದುಕಿ ತನ್ನ ತುಂಡು ನೆಲದ ಕಬ್ಬು ತಂದಳು. ಅವಳ ಮನೆಗೆ ವರ್ಷದ ಬೆಲ್ಲವೆಂದರೆ ಅಷ್ಟೇ. ದೊಡ್ಡ ಕೊಪ್ಪರಿಗೆಯಲ್ಲಿ ಆ ಹಾಲು ತಳವನ್ನು ಮುಚ್ಚಿತು, ಅಷ್ಟೆ. ಒಲೆಯ ಉರಿಗೆ ಅದು ನಿಮಿಷದಲ್ಲಿ ಸೀದು ಕಪ್ಪಾಯಿತು. ಮುದುಕಿ ಒಂದು ಚೂರು ಬಾಯಿಗಿಟ್ಟು ಉಗುಳಿದಳು.

"ನಿನ್ ಕೊಪ್ಪರ್ಗೆ ದೊಡ್ಡದಾಯ್ತು ಕಣಪ್ಪ. ನನ್ ಗದ್ದೆ ಅಷ್ಟೇ ಅದೆ," ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ವಾಸಿಯಿತ್ತು.

ಜನ ಒಬ್ಬೊಬ್ಬರಾಗಿ ಬೇರೆ ಕಡೆಗೆ ಕಬ್ಬಿನ ಗಾಡಿ ಹೊಡೆಯತೊಡಗಿದರು. ಹೀಗೇ ಇನ್ನೊಂದು ವರ್ಷ ನಡೆದರೆ ತಾತನ ಕಾಲದಿಂದ ನಡೆದುಬಂದ ಆಲೆಮನೆಯ ಉರಿ ಆರಿಹೋಗುವುದು ಖಂಡಿತವಾಯಿತು. ರೈತನಿಗೆ ಊಟ ಸೇರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅಪ್ಪನ ಬಳಿಗೆ ಹೋದ.

"ಅಪ್ಪಯ್ಯ, ಹಬ್ಬಕ್ಕೆ ಸಾಲ್ದೆ ಹುಳಿಯಾಯ್ತದೆ, ಹಬ್ಬ ಕಳುದ್ರೆ ದೊಡ್ಡದಾಗಿ ಸೀದೋಯ್ತದೆ. ಎಷ್ಟ್ ಅಳತೆದ್ ತಂದ್ರೆ ಸರಿಹೋಯ್ತದೆ ಹೇಳು."

"ಗೋಡೆ ತಾವ ಎಷ್ಟ್ ಜಲ್ಲೆ ಅವೆ?"

"ಒಂದೂ ಇಲ್ಲ."

"ಹಂಗಾದ್ರೆ ನಂಗೂ ಗೊತ್ತಿಲ್ಲ ಕಣ್ ಮಗ."

ರೈತ ಅಲ್ಲೇ ನಿಂತ. ಅಪ್ಪನಿಗೆ ಕೊಪ್ಪರಿಗೆಯ ಅಳತೆ ಗೊತ್ತು, ತನಗೆ ಗೊತ್ತಿಲ್ಲ ಎಂದು ಅವನು ಅಲ್ಲಿಯವರೆಗೆ ತಿಳಿದಿದ್ದ. ಅಪ್ಪ ಎಂದೂ ಕೊಪ್ಪರಿಗೆಯನ್ನು ಅಳೆದವನೇ ಅಲ್ಲ. ಕಾಯಿಸುವುದಕ್ಕಿಂತ ಹೆಚ್ಚು ಹೊತ್ತು ಅವನು ಗೋಡೆಯ ಬಳಿ ಕೂತು ಕೇಳುತ್ತಿದ್ದ. ಮಗ ಅದನ್ನು ಬರೀ ಹರಟೆ ಎಂದುಕೊಂಡಿದ್ದ.

ಮುಂದಿನ ಸುಗ್ಗಿಗೆ ಮೊದಲು ರೈತ ತಾನೇ ಮನೆಮನೆಗೆ ಹೋದ. ಒಂದೊಂದು ಜಲ್ಲೆ ತಂದಿಡಿ ಎಂದು ಕೇಳಿದ. ಕೆಲವರು ನಕ್ಕರು. ಕೆಲವರಿಗೆ ಆ ವಾಡಿಕೆ ಮರೆತೇಹೋಗಿತ್ತು. ಎಲ್ಲರಿಗಿಂತ ಮೊದಲು ಜಲ್ಲೆ ತಂದವಳು ಆ ಮುದುಕಿ. ಬೋಳು ಗೋಡೆಗೆ ಒಂದೇ ಜಲ್ಲೆ ಒರಗಿದ್ದನ್ನು ನೋಡಿ ಅಪ್ಪ ಜಗಲಿಯಿಂದ ಇಳಿದು ಬಂದ. ಒಂದು ತುಂಡು ಮುರಿದ. ಹಲ್ಲು ಹೋಗಿದ್ದವು, ಅಗಿಯಲಾಗಲಿಲ್ಲ. ಮಗನ ಕೈಗೆ ಕೊಟ್ಟ. ಮಗ ಅಗಿದ.

ಆ ವರ್ಷ ಹಳೆಯ ಕೊಪ್ಪರಿಗೆ ಅಟ್ಟದಿಂದ ಇಳಿಯಿತು, ಅದಕ್ಕೊಂದು ಚಿಕ್ಕ ಒಲೆ ಎದ್ದಿತು. ದಿನದ ಕೆಲಸ ಅದರಲ್ಲೇ ನಡೆಯಿತು. ಸಂಕ್ರಾಂತಿಗೆ ನಿಜವಾಗಿ ಬೆಲ್ಲ ಬೇಕಾದವರು ಯಾರು, ಕಾಯಬಲ್ಲವರು ಯಾರು ಎಂದು ಗೋಡೆ ಮೊದಲೇ ಹೇಳಿತು. ಅಷ್ಟು ದಿನಕ್ಕೆ ಮಾತ್ರ ದೊಡ್ಡ ಕೊಪ್ಪರಿಗೆಗೆ ಉರಿ ಹಾಕಿದ, ಹಬ್ಬ ಮುಗಿದ ಮೇಲೆ ಉರಿ ಆರಿಸಿದ. ಹುಳಿಯಾಗಲಿಲ್ಲ, ಸೀಯಲಿಲ್ಲ. ಮುದುಕಿಯ ಬೆಲ್ಲ ಅಚ್ಚಿನಿಂದ ಬಂಗಾರದ ಬಣ್ಣದಲ್ಲಿ ಬಿತ್ತು. ಅಲ್ಲಿ ಕೂತು ಊರಿನ ಕತೆ ಆಡುವವರೂ ಮತ್ತೆ ಬಂದರು.

ಗುರುಗಳು ಕತೆ ನಿಲ್ಲಿಸಿದರು. ಈಗ ಆ ಆಲೆಮನೆಯೂ ಇಲ್ಲ, ಆ ಗೋಡೆಯೂ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಮಂದಾಕಿನಿಯ ಮುಖ ಗೆಲುವಾಗಿತ್ತು. "ತಿಳಿಯಿತು ಬುದ್ಧೀ. ಚಿಕ್ಕದು ಸದಾ ಇರಬೇಕು, ದೊಡ್ಡದು ಬೇಕಾದಾಗ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಏರಿಸಿ ಮಧ್ಯಾಹ್ನ ಇಳಿಸಿದರೆ ಆಯಿತು. ಹಾಗಾದರೆ ಆ ದೊಡ್ಡದರ ಅಳತೆ ಎಷ್ಟೆಂದು ಬರೆಯಲಿ?" ಎಂದು ಮೊಬೈಲ್ ತೆಗೆದಳು.

ಗುರುಗಳು ಅವಳ ಮುಂದಿದ್ದ ಖಾಲಿ ಲೋಟವನ್ನು ಎತ್ತಿಕೊಂಡು ಹೇಳಿದರು: "ಇಷ್ಟು ದೂರ ಬಂದು ನನ್ನನ್ನು ಕೇಳಿದೆ ತಾಯಿ, ಒಂಬತ್ತಕ್ಕೇ ಯಾಕೆ ಬೇಕು ಎಂದು ಆ ಗೋದಾಮಿನವರಲ್ಲಿ ಒಬ್ಬರನ್ನಾದರೂ ಕೇಳಿದ್ದೀಯಾ?"

ಮಂದಾಕಿನಿ ಮೊಬೈಲಿನಲ್ಲಿ ಅಳತೆ ಬರೆಯುವುದನ್ನು ಬಿಟ್ಟು ಒಂದು ಗೋದಾಮಿನ ನಂಬರು ಹುಡುಕತೊಡಗಿದಳು.